ಅಲ್ಲಿ ಚೆನ್ನಾಗಿ ನೋಡ್ಕೋತಾರಾ?

ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿ 2 ವರ್ಷ ಆಯಿತು. ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ. "ಅಪ್ಪನ್ನ ಅಲ್ಲಿ ಬಿಟ್ಟಿದ್ದೀರಂತೆ, ಚೆನ್ನಾಗಿ ನೋಡ್ಕೋತಾರಾ?" ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ 'ಬಿಟ್ಟಿದ್ದೀರಂತೆ' ಅನ್ನುವ ಮಾತು. ನಾವು ಬಿಟ್ಟಿಲ್ಲ. ಸ್ಟ್ರೋಕ್ ಆದ ಮೇಲೆ ಅಪ್ಪನ ಎಡಭಾಗಕ್ಕೆ ಸ್ವಾಧೀನ ಇಲ್ಲ. ಹಗಲು ರಾತ್ರಿ 2 ಗಂಟೆಗೊಮ್ಮೆ ಯಾರಾದರೂ ಮಗ್ಗುಲು ತಿರುಗಿಸಬೇಕು. 7 ತಿಂಗಳು ನಾನೂ ತಮ್ಮನೂ ಮನೆಯಲ್ಲೇ ಮಾಡಿದೆವು. ಅವನ ಸೊಂಟ ಹಿಡಿದುಕೊಂಡಿತು. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಆಮೇಲೆ ಸೇರಿಸಿದೆವು. ಸೇರಿಸುವುದು ಬೇರೆ, ಬಿಡುವುದು ಬೇರೆ, ಅಲ್ವಾ?

ಮೊದಲು ಸೇರಿಸಿದ ಕಡೆ ನೆಲ ಫಳಫಳ ಹೊಳೆಯುತ್ತಿತ್ತು. ಗಾಳಿ, ಬೆಳಕು ಎಲ್ಲ ಚೆನ್ನಾಗಿತ್ತು. ಮೂರನೇ ವಾರ ಹೋದಾಗ ಅಪ್ಪನ ಎಡಗಾಲಿನ ಕಾಲುಚೀಲ ತೆಗೆದೆ. ಹಿಮ್ಮಡಿ ಕೆಂಪಗಿತ್ತು. ಬೆರಳಿಂದ ಒತ್ತಿದರೆ ಬೆಳ್ಳಗಾಗಬೇಕು. ಆಗಲಿಲ್ಲ. ಮಲಗಿದಲ್ಲೇ ಮಲಗಿ ಒತ್ತಡಕ್ಕೆ ಆಗುವ ಹುಣ್ಣು, ಅಂದರೆ ಬೆಡ್ ಸೋರ್, ಶುರುವಾಗುವುದೇ ಹಾಗೆ. (ಮೈಬಣ್ಣ ಕಪ್ಪಗಿದ್ದರೆ ಕೆಂಪು ಎದ್ದು ಕಾಣುವುದಿಲ್ಲ. ಮುಟ್ಟಿ ನೋಡಿ, ಸುತ್ತಲಿನ ಚರ್ಮಕ್ಕಿಂತ ಬಿಸಿ ಅಥವಾ ಗಟ್ಟಿ ಇರಬಹುದು.) ಗೋಡೆಯ ಹಾಳೆಯಲ್ಲಿ ಮಾತ್ರ ಮಗ್ಗುಲು ತಿರುಗಿಸಿದ್ದಕ್ಕೆ ಸಾಲಾಗಿ ಸಹಿ ಇತ್ತು. 2 ಗಂಟೆಗೆ ಒಂದು, 4 ಗಂಟೆಗೆ ಒಂದು. ಆಗಿನ್ನೂ ಮಧ್ಯಾಹ್ನ ಒಂದೂವರೆ!

ನಾನು ಕೂಗಾಡಿದೆ. ಸಹಿ ಹಾಕಿದ್ದ ಹುಡುಗಿ ಅತ್ತೇಬಿಟ್ಟಳು. ರಾತ್ರಿಯಿಡೀ 28 ಜನಕ್ಕೆ ಅವಳೊಬ್ಬಳೇ ಇದ್ದಳಂತೆ. ಬದಲಿಗೆ ಬರಬೇಕಾದವರು ಬಾರದೆ ಹಗಲಿಗೂ ಅವಳನ್ನೇ ನಿಲ್ಲಿಸಿಕೊಂಡಿದ್ದರು. ಕೂಗಬೇಕಿದ್ದು ಅವಳ ಮೇಲಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ, ಕೇಳುವುದಾದರೆ ಇದನ್ನು ಕೇಳಿ: "ರಾತ್ರಿ ಅಲ್ಲಿ ಎಷ್ಟು ಜನ ಇರ್ತಾರೆ?" ಈ 2 ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ತಿಂಗಳಿಗೊಮ್ಮೆ ತೂಕ ನೋಡ್ತಾರಾ ಅಂತಲೂ ಯಾರೂ ಕೇಳಿಲ್ಲ. ಒಂದೇ ತಿಂಗಳಲ್ಲಿ ತೂಕ ಶೇ. 5ರಷ್ಟು ಇಳಿದರೆ ಸುಮ್ನೆ ಬಿಡುವ ವಿಷಯವಲ್ಲ. ಹಗಲಲ್ಲೂ ಮಂಪರು ಜಾಸ್ತಿ ಆದರೆ ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ ಅಂತ ವಿಚಾರಿಸಬೇಕು.

ಈಗಿರುವ ಕೇಂದ್ರದ ಗೋಡೆಗಳ ಬಣ್ಣ ಮಾಸಿದೆ. ಆದರೆ ನೀರಿನ ಲೋಟ ಯಾವಾಗಲೂ ಅಪ್ಪನ ಬಲಗೈಗೆ ಸಿಗುವಂತೆ ಇರುತ್ತದೆ. ಒಂದು ದಿನ ಅಪ್ಪ ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆದರು. ವಯಸ್ಸಾಯಿತು, ಮರೆವು ಅಂದುಕೊಂಡೆ. ಅಲ್ಲಿನ ಆಯಾ ಒಪ್ಪಲಿಲ್ಲ. "ನಿನ್ನೆ ಸಂಜೆ ಹೀಗಿರಲಿಲ್ಲ ಅಕ್ಕಾ, ಡಾಕ್ಟರಿಗೆ ಹೇಳೋಣ" ಅಂದರು. ಪರೀಕ್ಷೆ ಮಾಡಿಸಿದರೆ ಮೂತ್ರದ ಸೋಂಕು. ಔಷಧಿ ಶುರುವಾಗಿ ನಾಲ್ಕೈದು ದಿನಕ್ಕೆ ಅಪ್ಪ ಮತ್ತೆ ನನ್ನ ಹೆಸರು ಹಿಡಿದು ಕರೆದರು. ನಿನ್ನೆ ಸಂಜೆ ಅಪ್ಪ ಹೇಗಿದ್ದರು ಅಂತ ಅಲ್ಲಿ ಒಬ್ಬರಿಗೆ ಗೊತ್ತಿತ್ತು. ಹೌದು, ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಈಗಲೂ ಹೋದ ಕೂಡಲೇ ಕಾಲುಚೀಲ ತೆಗೆದು ನೋಡುತ್ತೇನೆ. ನಾನು ಬಾಗಿಲಲ್ಲಿ ಕಂಡರೆ ಸಾಕು, ಅಪ್ಪ ನಗುತ್ತಾ ಬಲಗಾಲನ್ನು ಹೊದಿಕೆಯಿಂದ ಹೊರಗೆ ಚಾಚುತ್ತಾರೆ. ಎಡಗಾಲನ್ನು ನಾನೇ ಎತ್ತಿ ನೋಡುತ್ತೇನೆ.