ಗಂಟು ಬೇರು: ನಾಲ್ಕು ಮಡಿಗಳ ಲೆಕ್ಕ

ಜನವರಿ ಕೊನೆ
ಹುರುಳಿಕಾಯಿ ಗಿಡ ಮತ್ತೆ ಹಳದಿ. ಮಧ್ಯಾಹ್ನ ಬಾಡುತ್ತೆ, ಸಂಜೆ ಚೇತರಿಸಿಕೊಳ್ಳುತ್ತೆ. ಹೋದ ಸಲ ನೀರು ಸಾಲಲಿಲ್ಲವೆಂದು ಡ್ರಿಪ್ ಜಾಸ್ತಿ ಹೊತ್ತು ಬಿಟ್ಟಿದ್ದೆ. ಈ ಸಲ ಗುದ್ದಲಿ ಹಾಕಿ ಗಿಡ ಎಬ್ಬಿಸಿದೆ. ಬೇರು ತುಂಬ ಗಂಟು.

ಬೇರಿನಲ್ಲಿ ಗಂಟು ಕಂಡರೆಲ್ಲ ರೋಗವಲ್ಲ. ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತೆ. ಉಗುರು ತಾಗಿದರೆ ಉದುರುತ್ತೆ, ಒಳಗೆ ಗುಲಾಬಿ ಬಣ್ಣ. ಜಂತುಹುಳು (ಬೇರಿಗೆ ನುಗ್ಗುವ, ಮಣ್ಣಿನ ಅತಿ ಸಣ್ಣ ಹುಳು, ನೆಮಟೋಡ್) ಮಾಡುವ ಗಂಟೆಂದರೆ ಬೇರು ತಾನೇ ಊದಿಕೊಂಡಿರುವುದು. ಕೀಳಲು ಹೋದರೆ ಬೇರೇ ಹರಿಯುತ್ತೆ. ನನ್ನವು ಹರಿದವು.

ನಾಲ್ಕು ಗುಂಟೆಯಲ್ಲಿ ಮೂರು ವರ್ಷ ಟೊಮೆಟೊ, ಹುರುಳಿಕಾಯಿ, ಮತ್ತೆ ಟೊಮೆಟೊ. ಎರಡೂ ಈ ಹುಳುವಿಗೆ ಊಟ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ, ಬೆಚ್ಚಗಿನ ಮಣ್ಣಲ್ಲಿ ಒಂದು ತಲೆಮಾರಿಗೆ ತಿಂಗಳು ಸಾಕು.

ಫೆಬ್ರವರಿ
ಜಾಗವನ್ನು ನಾಲ್ಕು ಮಡಿ ಮಾಡಿ, ಒಂದೊಂದರಲ್ಲಿ ಒಂದೊಂದು ಉಪಾಯ ನೋಡಲು ಹೊರಟೆ. ಮೊದಲ ಮಡಿಗೆ ಸಣ್ಣ ಜಾತಿಯ ಚೆಂಡುಹೂ, ಒತ್ತೊತ್ತಾಗಿ. ಬದುವಿನಲ್ಲಿ ಒಂದು ಸಾಲು ಹಾಕುವ ರೂಢಿಯಿದೆ, ನಾನೂ ಹಾಕುತ್ತಿದ್ದೆ. ಅಷ್ಟರಿಂದ ಜಂತುಹುಳುವಿಗೆ ಏನೂ ಆಗುವುದಿಲ್ಲ. ಹುಳು ಚೆಂಡುಹೂವಿನ ಬೇರಿಗೇ ನುಗ್ಗಿ ಸಾಯಬೇಕು, ಹಾಗಾಗಿ ಹುರುಳಿಕಾಯಿ ಬರುವ ಜಾಗವನ್ನೆಲ್ಲ ಆ ಬೇರು ತುಂಬಿರಬೇಕು. ಯುಗಾದಿಗೆ ಬಾಗಿಲ ತುಂಬ ಹೂ. ಮೇ ಕೊನೆಗೆ ಕೊಚ್ಚಿ ಮಣ್ಣಿಗೆ ಸೇರಿಸಿದೆ.

ಏಪ್ರಿಲ್
ಎರಡನೇ ಮಡಿಗೆ ನೀರು ಕಟ್ಟಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಟ್ಟೆ. ಕಪ್ಪು ಶೀಟಿಗಿಂತ ಇದರಡಿ ಮಣ್ಣು ಹೆಚ್ಚು ಕಾಯುತ್ತೆ. ಮೂರನೆಯದಕ್ಕೆ ಮೇ ತಿಂಗಳಲ್ಲಿ ಬೇವಿನ ಹಿಂಡಿ, ಜೊತೆಗೆ ಮೊಟ್ಟೆ ತಿನ್ನುವ ಪರ್ಪ್ಯುರಿಯೋಸಿಲಿಯಂ ಶಿಲೀಂಧ್ರ ಬೆರೆಸಿ ನೆರಳಲ್ಲಿ ಹದಿನೈದು ದಿನ ತೇವವಾಗಿಟ್ಟ ಕೊಟ್ಟಿಗೆ ಗೊಬ್ಬರ. ನಾಲ್ಕನೆಯದಕ್ಕೆ ಏನೂ ಇಲ್ಲ, ಹೋಲಿಸಿ ನೋಡಲು.

ಜೂನ್ ಎರಡನೇ ವಾರ
ನಾಲ್ಕಕ್ಕೂ ಅರ್ಕಾ ಕೋಮಲ್ ತಳಿಯ ಹುರುಳಿಕಾಯಿ ಬಿತ್ತನೆ. ನಾಲ್ಕನೇ ಮಡಿಯ ಮಣ್ಣು ಬೇರೆ ಕಡೆ ಹೋಗದ ಹಾಗೆ ಗುದ್ದಲಿ ತೊಳೆದೇ ಮುಂದಿನ ಕೆಲಸ.

ಜುಲೈ ಕೊನೆ
ಮಡಿಗೆ ಹತ್ತು ಗಿಡ ಅಗೆದೆ. ಕಿತ್ತರೆ ಎಳೆ ಬೇರು ಮಣ್ಣಲ್ಲೇ ಉಳಿದು ಲೆಕ್ಕ ತಪ್ಪುತ್ತೆ. ನಾಲ್ಕನೆಯದರಲ್ಲಿ ಹತ್ತಕ್ಕೆ ಹತ್ತೂ ಗಂಟು. ಚೆಂಡುಹೂವಿನ ಮಡಿಯಲ್ಲಿ ಎರಡು ಗಿಡಕ್ಕೆ, ಅದೂ ಅಲ್ಲೊಂದು ಇಲ್ಲೊಂದು. ಹಿಂಡಿಯ ಮಡಿಯಲ್ಲಿ ಐದಕ್ಕೆ. ಪ್ಲಾಸ್ಟಿಕ್ ಹೊದಿಸಿದ್ದು ನನ್ನನ್ನು ಯೋಚನೆಗೆ ಹಚ್ಚಿತು: ಮೇಲಿನ ಗೇಣುದ್ದ ಬೇರು ಶುಭ್ರ, ಅದರ ಕೆಳಗೆ ಇಳಿದ ಬೇರಿನ ತುದಿಗಳಲ್ಲಿ ಗಂಟು. ಬಿಸಿಲಿನ ಕಾವು ಆಳಕ್ಕೆ ಇಳಿದಿಲ್ಲ.

ಅಗೆದ ಬೇರನ್ನು ತಿಪ್ಪೆಗೆ ಹಾಕಲಿಲ್ಲ. ಬಂಡೆ ಮೇಲೆ ಒಣಗಿಸಿ ಸುಟ್ಟೆ. ನಾಲ್ಕನೇ ಮಡಿಗೆಂದು ಚೆಂಡುಹೂ ಬೀಜ ಟ್ರೇಗೆ ಹಾಕಿಯಾಗಿದೆ.