ಎಕ್ಸೆಲ್ ಶಾರ್ಟ್‌ಕಟ್ ಕೈಕೊಟ್ಟಾಗ ಹುಡುಕಬೇಕಾದದ್ದು ಎಕ್ಸೆಲ್‌ನ ಹೊರಗೆ

ಲೆಕ್ಕಪತ್ರ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. “ಎಕ್ಸೆಲ್‌ನಲ್ಲಿ ಈ ಕೀ ಕೆಲಸ ಮಾಡ್ತಾ ಇಲ್ಲ, ಸ್ವಲ್ಪ ನೋಡಿ ಸರ್” ಎಂಬ ದೂರು ಅಲ್ಲಿ ಪದೇ ಪದೇ ಬರುತ್ತದೆ. ಇಂಥ ದೂರು ಬಂದಾಗ ಆಫೀಸ್ ತಂತ್ರಾಂಶವನ್ನು ರಿಪೇರಿಗೆ ಹಾಕುವುದು, ಅದಕ್ಕೂ ಬಗ್ಗದಿದ್ದರೆ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವುದು ಹಲವೆಡೆ ನಡೆದುಬಂದ ಪದ್ಧತಿ. ಅರ್ಧ ದಿನ ಹೋಗುತ್ತದೆ, ತೊಂದರೆ ಮಾತ್ರ ಹಾಗೆಯೇ ಉಳಿಯುತ್ತದೆ. ಏಕೆಂದರೆ ಬಹುತೇಕ ಪ್ರಕರಣಗಳಲ್ಲಿ ಒತ್ತಿದ ಕೀ ಎಕ್ಸೆಲ್‌ಗೆ ತಲುಪಿಯೇ ಇರುವುದಿಲ್ಲ.

ವಿಂಡೋಸ್‌ನಲ್ಲಿ ಯಾವುದೇ ತಂತ್ರಾಂಶವು ಒಂದು ಕೀ ಜೋಡಣೆಯನ್ನು, ಅಂದರೆ ಒಟ್ಟಿಗೆ ಒತ್ತುವ ಕೀಗಳ ಗುಂಪನ್ನು, ಇಡೀ ವ್ಯವಸ್ಥೆಗೆ ಅನ್ವಯಿಸುವಂತೆ ತನ್ನ ಹೆಸರಿಗೆ ನೋಂದಾಯಿಸಿಕೊಳ್ಳಬಹುದು. ರಿಜಿಸ್ಟರ್‌ಹಾಟ್‌ಕೀ ಎಂಬ ಸೌಲಭ್ಯ ಇರುವುದು ಇದಕ್ಕಾಗಿಯೇ. ಹಾಗೆ ನೋಂದಣಿಯಾದ ಮೇಲೆ ಪರದೆಯ ಮೇಲೆ ಯಾವ ಕಿಟಕಿ ತೆರೆದಿದ್ದರೂ ಆ ಜೋಡಣೆ ನೋಂದಾಯಿಸಿದ ತಂತ್ರಾಂಶಕ್ಕೇ ಹೋಗುತ್ತದೆ. ಎಕ್ಸೆಲ್ ತನ್ನ ಶಾರ್ಟ್‌ಕಟ್‌ಗಳನ್ನು ಈ ರೀತಿ ಕಾದಿರಿಸುವುದಿಲ್ಲ. ತನ್ನ ಕಿಟಕಿ ಮುಂದಿರುವಾಗ ಬಂದ ಕೀಗಳನ್ನಷ್ಟೇ ಅದು ಸ್ವೀಕರಿಸುತ್ತದೆ. ಆದ್ದರಿಂದ ಎಕ್ಸೆಲ್ ಅನ್ನು ಮೊದಲು ತೆರೆದರೂ ನಂತರ ತೆರೆದರೂ ಈ ಪೈಪೋಟಿಯಲ್ಲಿ ಗೆಲ್ಲುವುದು ಹಿನ್ನೆಲೆಯ ತಂತ್ರಾಂಶವೇ. ಒಂದೇ ಜೋಡಣೆಗೆ ಎರಡು ಹಿನ್ನೆಲೆ ತಂತ್ರಾಂಶಗಳು ಬಂದರೆ ಮೊದಲು ನೋಂದಾಯಿಸಿದ್ದಕ್ಕೆ ಅದು ಸಿಗುತ್ತದೆ, ಎರಡನೆಯದಕ್ಕೆ 1409 ಸಂಖ್ಯೆಯ ದೋಷ ಸೂಚನೆ ಹೋಗುತ್ತದೆ. ಕಂಪ್ಯೂಟರ್ ಶುರುವಾಗುವಾಗ ಯಾವುದು ಮೊದಲು ಎದ್ದಿತು ಎಂಬುದರ ಮೇಲೆ ಇದು ಬದಲಾಗುವುದರಿಂದ, ನಿನ್ನೆ ಒಂದು ಬಗೆಯಾಗಿದ್ದ ತೊಂದರೆ ಇಂದು ಇನ್ನೊಂದು ಬಗೆಯಾಗಿ ಕಾಣಬಹುದು.

ಕೆಲವು ಘರ್ಷಣೆಗಳು ಕಣ್ಣಿಗೆ ಹೊಡೆದು ಕಾಣುತ್ತವೆ. ಇಂಟೆಲ್ ಗ್ರಾಫಿಕ್ಸ್‌ನ ಹಳೆಯ ಡ್ರೈವರ್ ಇರುವ ಯಂತ್ರಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದರೆ ಇಡೀ ಪರದೆಯೇ ತಿರುಗಿ ನಿಲ್ಲುತ್ತದೆ. ಎಕ್ಸೆಲ್‌ನಲ್ಲಿ ಫಾರ್ಮುಲಾಗಳನ್ನು ತೋರಿಸುವ ಕಂಟ್ರೋಲ್ ಮತ್ತು ಬ್ಯಾಕ್‌ಟಿಕ್ (`) ಜೋಡಣೆಯನ್ನು, ಕ್ಲಿಪ್‌ಬೋರ್ಡ್‌ನ ಹಳೆಯ ಪ್ರತಿಗಳನ್ನು ಕಾಪಾಡುವ ಡಿಟ್ಟೊ ತಂತ್ರಾಂಶವೂ ತನ್ನ ಕಿಟಕಿ ತೆರೆಯಲು ಬಳಸುತ್ತದೆ. ಇಂಥವುಗಳಿಗೆ ದೂರು ಕೂಡಲೇ ಬರುತ್ತದೆ, ಪರಿಹಾರವೂ ಬೇಗ ಸಿಗುತ್ತದೆ. ನನಗೆ ಆತಂಕವಿರುವುದು ಸದ್ದಿಲ್ಲದೆ ಕೀಯನ್ನು ನುಂಗಿಬಿಡುವ ಘರ್ಷಣೆಗಳ ಬಗ್ಗೆ.

ಎಫ್4 ಇದಕ್ಕೆ ತಕ್ಕ ಉದಾಹರಣೆ. ಫಾರ್ಮುಲಾ ಬರೆಯುವಾಗ ಸೆಲ್‌ನ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್4 ಒತ್ತಿದರೆ ಡಾಲರ್ ಚಿಹ್ನೆಗಳು ಸೇರಿ ಆ ಸೆಲ್ ಸ್ಥಿರವಾಗುತ್ತದೆ. ನಮ್ಮಲ್ಲಿ ಒಬ್ಬರ ಯಂತ್ರದಲ್ಲಿ ಆನ್‌ಲೈನ್ ಸಭೆಗಳ ವೇಳೆ ಮೈಕ್ ಮುಚ್ಚಿ ತೆರೆಯುವ ಸಣ್ಣ ತಂತ್ರಾಂಶವೊಂದಕ್ಕೆ ಎಫ್4 ಅನ್ನೇ ಕೊಡಲಾಗಿತ್ತು. ಸಭೆ ಇಲ್ಲದಾಗಲೂ ಅದು ಹಿನ್ನೆಲೆಯಲ್ಲಿ ಓಡುತ್ತಿತ್ತು. ಎಫ್4 ಒತ್ತಿದರೆ ಪರದೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಎಚ್1 ಸೆಲ್‌ನಲ್ಲಿ ಶೇ 18ರ ಜಿಎಸ್‌ಟಿ ದರವಿದೆ, ಎರಡನೆಯ ಸಾಲಿನ ಫಾರ್ಮುಲಾ ಬಿ2 ಅನ್ನು ಎಚ್1ರಿಂದ ಗುಣಿಸುತ್ತದೆ ಎಂದುಕೊಳ್ಳಿ. ಅಭ್ಯಾಸಬಲದಿಂದ ಎಫ್4 ಒತ್ತಿ, ಚಿಹ್ನೆ ಬಂದಿದೆ ಎಂದು ಭಾವಿಸಿ ಕೆಳಕ್ಕೆ ಎಳೆದರೆ, ಮೂರನೆಯ ಸಾಲಿನಲ್ಲಿ ಅದು ಬಿ3 ಅನ್ನು ಎಚ್2ರಿಂದ ಗುಣಿಸುತ್ತದೆ. ಎಚ್2 ಖಾಲಿಯಿದ್ದರೆ ಸೊನ್ನೆ ಬಂದು ತಪ್ಪು ಎದ್ದು ಕಾಣುತ್ತದೆ. ಎಚ್2ರಲ್ಲಿ ಶೇ 5ರ ದರವಿದ್ದರೆ ಮಾತ್ರ ನಂಬಬಹುದಾದ ಮೊತ್ತವೇ ಬರುತ್ತದೆ, ಅದು ತಪ್ಪು ಎಂದು ಯಾರಿಗೂ ಅನಿಸುವುದಿಲ್ಲ. ಕೀ ಕೆಲಸ ಮಾಡದಿರುವುದನ್ನು ಸಣ್ಣ ಕಿರಿಕಿರಿ ಎಂದು ತಳ್ಳಿಹಾಕಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಪತ್ತೆ ಮಾಡುವಾಗ ನಾನು ಮೊದಲು ನೋಡುವುದು ಲ್ಯಾಪ್‌ಟಾಪಿನ ಎಫ್ ಸಾಲನ್ನು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲು ಧ್ವನಿ, ಬೆಳಕುಗಳ ಹೊಂದಾಣಿಕೆಗೆ ಮೀಸಲಾಗಿದ್ದು, ಎಫ್ಎನ್ ಕೀ ಜೊತೆಗೆ ಒತ್ತಿದರೆ ಮಾತ್ರ ಎಫ್4 ಆಗುತ್ತದೆ. ಅದು ಸರಿಯಿದ್ದರೆ, ಕಂಟ್ರೋಲ್ ಕೀ ಹಿಡಿದುಕೊಂಡು ಎಕ್ಸೆಲ್ ತೆರೆದು, ಆಡ್-ಇನ್‌ಗಳು (ಎಕ್ಸೆಲ್‌ಗೆ ಸೇರಿಸಿಕೊಂಡ ಹೆಚ್ಚುವರಿ ಸಾಧನಗಳು) ಲೋಡ್ ಆಗದ ಸೇಫ್ ಮೋಡ್‌ಗೆ ಹೋಗುತ್ತೇನೆ. ಅಲ್ಲಿ ಶಾರ್ಟ್‌ಕಟ್ ಕೆಲಸ ಮಾಡಿದರೆ ತೊಂದರೆ ಎಕ್ಸೆಲ್‌ನೊಳಗಿನ ಆಡ್-ಇನ್ ಅಥವಾ ಮ್ಯಾಕ್ರೊದಲ್ಲಿದೆ (ಒಂದೇ ಆದೇಶಕ್ಕೆ ಓಡುವಂತೆ ದಾಖಲಿಸಿಟ್ಟ ಕೆಲಸಗಳ ಸರಣಿ) ಎಂದರ್ಥ. ಮ್ಯಾಕ್ರೊ ರೆಕಾರ್ಡ್ ಮಾಡುವಾಗ ಯಾರಾದರೂ ಕಂಟ್ರೋಲ್ ಡಿ ಕೊಟ್ಟಿದ್ದರೆ, ಆ ವರ್ಕ್‌ಬುಕ್ ತೆರೆದಿರುವಷ್ಟು ಹೊತ್ತೂ ಮೇಲಿನ ಸೆಲ್ ಅನ್ನು ಕೆಳಕ್ಕೆ ನಕಲಿಸುವ ಕೆಲಸದ ಬದಲು ಆ ಮ್ಯಾಕ್ರೊ ಓಡುತ್ತದೆ. ಮ್ಯಾಕ್ರೊ ಮಾಡಿದ ಬದಲಾವಣೆಯನ್ನು ಕಂಟ್ರೋಲ್ ಝಡ್‌ನಿಂದ ಹಿಂದಕ್ಕೆ ತರಲು ಸಾಮಾನ್ಯವಾಗಿ ಆಗುವುದಿಲ್ಲ ಎಂಬುದನ್ನು ಮರೆಯಬಾರದು.

ಸೇಫ್ ಮೋಡ್‌ನಲ್ಲೂ ಕೀ ಸತ್ತಂತೆಯೇ ಇದ್ದರೆ ಎಕ್ಸೆಲ್ ಅನ್ನು ಬಿಟ್ಟು ಹೊರಗೆ ಹುಡುಕಬೇಕು. ಟಾಸ್ಕ್‌ಬಾರಿನ ಬಲತುದಿಯಲ್ಲಿ ಅಡಗಿರುವ ಚಿಹ್ನೆಗಳನ್ನು ತೆರೆದು, ಅರ್ಧದಷ್ಟು ತಂತ್ರಾಂಶಗಳನ್ನು ನಿಲ್ಲಿಸಿ ಪರೀಕ್ಷಿಸುತ್ತೇನೆ. ಕೀ ಜೀವ ತಳೆದರೆ ತಪ್ಪಿತಸ್ಥ ಆ ಅರ್ಧದಲ್ಲಿದೆ, ಇಲ್ಲವಾದರೆ ಉಳಿದರ್ಧದಲ್ಲಿ. ಯಾವ ಕೀಯನ್ನು ಯಾರು ಹಿಡಿದಿದ್ದಾರೆ ಎಂಬ ಪಟ್ಟಿಯನ್ನು ವಿಂಡೋಸ್ ತಾನಾಗಿ ತೋರಿಸುವುದಿಲ್ಲ. ನಿರ್‌ಸಾಫ್ಟ್‌ನ ಹಾಟ್‌ಕೀಸ್‌ಲಿಸ್ಟ್ ಎಂಬ ಉಚಿತ ಸಾಧನ ಯಾವ ಜೋಡಣೆಗಳು ನೋಂದಣಿಯಾಗಿವೆ ಎಂದು ಹೇಳುತ್ತದೆಯಾದರೂ ನೋಂದಾಯಿಸಿದ್ದು ಯಾರು ಎಂದು ಹೇಳುವುದಿಲ್ಲ. ಎಲ್ಲವನ್ನೂ ನಿಲ್ಲಿಸಿದ ಮೇಲೂ ತೊಂದರೆ ಉಳಿದರೆ ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳ ಪ್ರಾಪರ್ಟೀಸ್ ನೋಡಬೇಕು. ಅಲ್ಲಿರುವ ಶಾರ್ಟ್‌ಕಟ್ ಕೀ ಎಂಬ ಜಾಗದಲ್ಲಿ ಯಾರಾದರೂ ಬರೀ ವಿ ಒತ್ತಿದರೂ ಸಾಕು, ವಿಂಡೋಸ್ ಅದನ್ನು ಕಂಟ್ರೋಲ್ ಆಲ್ಟ್ ವಿ ಎಂದು ದಾಖಲಿಸುತ್ತದೆ. ಎಕ್ಸೆಲ್‌ನಲ್ಲಿ ಪೇಸ್ಟ್ ಸ್ಪೆಷಲ್ ತೆರೆಯುವ ಜೋಡಣೆಯೂ ಅದೇ. ಇಲ್ಲಿ ಹಿನ್ನೆಲೆಯಲ್ಲಿ ಪ್ರತ್ಯೇಕ ತಂತ್ರಾಂಶ ಯಾವುದೂ ಓಡುತ್ತಿರದ ಕಾರಣ ಟಾಸ್ಕ್ ಮ್ಯಾನೇಜರ್ ನೋಡಿ ಪ್ರಯೋಜನವಿಲ್ಲ.

ಕನ್ನಡದಲ್ಲಿ ಬೆರಳಚ್ಚು ಮಾಡುವ ಕಚೇರಿಗಳಿಗೇ ವಿಶೇಷವಾದ ಇನ್ನೊಂದು ಪ್ರಕರಣವಿದೆ. ನಮ್ಮ ಯಂತ್ರಗಳಲ್ಲಿನ ನುಡಿ ತಂತ್ರಾಂಶದಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಯಿಸಲು ಸ್ಕ್ರೋಲ್ ಲಾಕ್ ಕೀ ಬಳಸುತ್ತಾರೆ. ಪತ್ರ ಬರೆಯುವವರಿಗೆ ಆ ಕೀಯಿಂದ ಬೇರೆ ಉಪಯೋಗವಿಲ್ಲದ ಕಾರಣ ಈ ಆಯ್ಕೆ ಸರಿಯಾದದ್ದೇ. ಆದರೆ ಎಕ್ಸೆಲ್‌ನಲ್ಲಿ ಸ್ಕ್ರೋಲ್ ಲಾಕ್ ಚಾಲೂ ಇದ್ದರೆ ಬಾಣದ ಕೀ ಒತ್ತಿದಾಗ ಆಯ್ದ ಸೆಲ್ ಮುಂದಕ್ಕೆ ಹೋಗುವುದಿಲ್ಲ, ಇಡೀ ಶೀಟ್ ಸರಿಯುತ್ತದೆ. ಹೊಸದಾಗಿ ಸೇರಿದವರು ಕೀಬೋರ್ಡ್ ಕೆಟ್ಟಿದೆ ಎಂದು ಬೇರೆಯದನ್ನು ಕೇಳಿಕೊಂಡು ಬರುವುದೂ ಉಂಟು. ಎಡ ಮೇಲ್ತುದಿಯ ಪೆಟ್ಟಿಗೆಯಲ್ಲಿ ಸೆಲ್‌ನ ಹೆಸರು ಬದಲಾಗದೆ ನಿಂತಿದ್ದರೆ ಕಾರಣ ಇದೇ ಎಂದು ತಿಳಿಯಬಹುದು. ಸ್ಕ್ರೋಲ್ ಲಾಕ್ ಕೀಯೇ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಓ ಒತ್ತಿ ಪರದೆಯ ಮೇಲಿನ ಕೀಬೋರ್ಡ್ ತೆರೆದರೆ ಅದರಲ್ಲಿ ಆ ಕೀ ಸಿಗುತ್ತದೆ. ಯೂನಿಕೋಡ್‌ನಲ್ಲಿ ಬರೆಯುವವರಿಗೆ ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಹಾಕಿಕೊಡುತ್ತೇನೆ. ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದಾದ್ದರಿಂದ ಬಾಣದ ಕೀಗಳಿಗೆ ತೊಂದರೆಯಾಗುವುದಿಲ್ಲ.

ಪರಿಹಾರದ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ: ಬದಲಾಗಬೇಕಾದದ್ದು ಹಿನ್ನೆಲೆಯ ತಂತ್ರಾಂಶದ ಕೀ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಶಾರ್ಟ್‌ಕಟ್‌ಗಳನ್ನು ಬೇಕಾದಂತೆ ಬದಲಿಸಿಕೊಳ್ಳಲು ಅವಕಾಶವಿದೆ, ಎಕ್ಸೆಲ್‌ನ ಮೂಲ ಶಾರ್ಟ್‌ಕಟ್‌ಗಳಿಗೆ ಅಂಥ ಸೆಟ್ಟಿಂಗ್ ಇಲ್ಲ. ಇದ್ದರೂ, ವರ್ಷಗಟ್ಟಲೆ ಲೆಕ್ಕ ಬರೆದು ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಕಲಿಸುವುದು ನ್ಯಾಯವಲ್ಲ. ಹಿನ್ನೆಲೆಯ ತಂತ್ರಾಂಶಗಳಿಗೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರರ ಜೊತೆಗೊಂದು ಅಕ್ಷರ ಕೊಡುವುದು ನಾನು ಪಾಲಿಸುವ ಕ್ರಮ. ಬರೀ ಕಂಟ್ರೋಲ್ ಮತ್ತು ಆಲ್ಟ್ ಜೋಡಿಯನ್ನು, ಅದರಲ್ಲೂ 4ರ ಜೊತೆ, ಕೊಡಬಾರದು. ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ವಿನ್ಯಾಸದಲ್ಲಿ ಬಲಗಡೆಯ ಆಲ್ಟ್ ಮತ್ತು 4 ಒತ್ತಿದಾಗ ರೂಪಾಯಿ ಚಿಹ್ನೆ ಬರುತ್ತದೆ. ಅಲ್ಲಿ ಬಲ ಆಲ್ಟ್ ಅನ್ನು ವಿಂಡೋಸ್ ಕಂಟ್ರೋಲ್ ಮತ್ತು ಆಲ್ಟ್ ಎಂದೇ ಓದುವುದರಿಂದ ಬಿಲ್ಲಿನಲ್ಲಿ ರೂಪಾಯಿ ಚಿಹ್ನೆ ಹಾಕಲು ಹೋದವರಿಗೆ ಬೇರೇನೋ ತೆರೆದುಕೊಳ್ಳುತ್ತದೆ. ಬದಲಾಯಿಸಿದ ಮೇಲೆ ಆ ತಂತ್ರಾಂಶವನ್ನು ಪೂರ್ತಿ ಮುಚ್ಚಿ, ಸೈನ್ ಔಟ್ ಆಗಿ ಮತ್ತೆ ಒಳಬಂದು, ದೂರು ಕೊಟ್ಟವರ ಕೈಯಿಂದಲೇ ಅವರ ಶೀಟಿನಲ್ಲಿ ಆ ಕೀ ಒತ್ತಿಸಿ ನೋಡುತ್ತೇನೆ. ಅಪ್‌ಡೇಟ್ ಆದಾಗ ಕೆಲವು ತಂತ್ರಾಂಶಗಳು ತಮ್ಮ ಮೊದಲಿನ ಕೀಗೇ ಮರಳುತ್ತವೆ, ಆದ್ದರಿಂದ ಯಾವ ಯಂತ್ರದಲ್ಲಿ ಏನನ್ನು ಬದಲಿಸಿದೆ ಎಂಬುದನ್ನು ವಿಭಾಗದ ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ.