ಹಾರ್ವೆ ಹೋದ ಮೇಲೆ ಬಟ್ಟೆ ಒಗೆದ ದಿನಗಳು

ನಮ್ಮ ಕಡೆ ನೀರು ಏರಿದ್ದು ಮಳೆ ನಿಂತ ಮೇಲೆ. ಹೀಗೆ ಹೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ಚಂಡಮಾರುತ ಅಂದರೆ ಜೋರು ಗಾಳಿ, ಹಾರಿಹೋದ ಛಾವಣಿ, ಮುರಿದ ಮರ, ಅಷ್ಟೇ ಅಲ್ವಾ ಅಂತಾರೆ. ಹಾರ್ವೆ ಹಾಗಿರಲಿಲ್ಲ. 2017ರ ಆಗಸ್ಟ್ 25ರ ರಾತ್ರಿ ಅದು ಟೆಕ್ಸಾಸ್ ಕರಾವಳಿಯಲ್ಲಿ ರಾಕ್‌ಪೋರ್ಟ್ ಹತ್ತಿರ ನೆಲಕ್ಕೆ ಬಂತು. ಐದನೆಯದು ಅತಿ ಜೋರು ಅನ್ನುವ ಲೆಕ್ಕದಲ್ಲಿ ನಾಲ್ಕನೇ ದರ್ಜೆ, ಗಂಟೆಗೆ ಸುಮಾರು 210 ಕಿಲೋಮೀಟರ್ ಗಾಳಿ. ಆ ಗಾಳಿಯ ಏಟು ತಿಂದವರು ಅಲ್ಲಿನ ಜನ. ಹ್ಯೂಸ್ಟನ್‌ನಲ್ಲಿದ್ದ ನಮ್ಮ ಪಾಲಿಗೆ ಬಂದದ್ದು ಮಳೆ. ಅವತ್ತು ಗಣೇಶ ಚೌತಿ. ಪೂಜೆ ಮುಗಿಸಿ ಟಿವಿಯಲ್ಲಿ ನಕ್ಷೆ ನೋಡಿದೆವು. ಬಿರುಗಾಳಿ ದೂರದಲ್ಲೇ ಇದೆ ಅಂತ ಸಮಾಧಾನ ಮಾಡಿಕೊಂಡು ಮಲಗಿದೆವು.

ಆದರೆ ಅದು ಮುಂದೆ ಹೋಗಲೇ ಇಲ್ಲ. ಗಾಳಿ ಕಡಿಮೆಯಾದರೂ ಕರಾವಳಿಯ ಆಸುಪಾಸಿನಲ್ಲೇ ಸುತ್ತಾಡಿತು. ಬೆಚ್ಚಗಿದ್ದ ಮೆಕ್ಸಿಕೊ ಕೊಲ್ಲಿಯ ನೀರನ್ನು ಹೀರಿ ಹೀರಿ ನಮ್ಮ ಮೇಲೆ ಸುರಿಯಿತು. ನೆಡರ್‌ಲ್ಯಾಂಡ್ ಎಂಬ ಊರಿನಲ್ಲಿ ಒಟ್ಟು 60.58 ಇಂಚು ಮಳೆ ಅಳೆದರು. ಅಮೆರಿಕದಲ್ಲಿ ಒಂದೇ ಚಂಡಮಾರುತ ಅಷ್ಟು ಮಳೆ ಸುರಿಸಿದ ದಾಖಲೆ ಅದಕ್ಕೆ ಮೊದಲು ಇರಲಿಲ್ಲ.

ನಾವಿದ್ದದ್ದು ನಗರದ ಪಶ್ಚಿಮಕ್ಕೆ, ಕೇಟಿ ಕಡೆ. ಅಲ್ಲಿ ಬಾರ್ಕರ್ ಅಂತ ಒಂದು ಜಲಾಶಯ ಇದೆ. ಹೆಸರಿಗೆ ಜಲಾಶಯ, ಮಾಮೂಲಿ ದಿನಗಳಲ್ಲಿ ಅದರಲ್ಲಿ ನೀರೇ ಇರುವುದಿಲ್ಲ. ಉದ್ದದ ಮಣ್ಣಿನ ಏರಿ, ಅದರ ಹಿಂದೆ ಕಾಡು, ಪಾರ್ಕು, ಸೈಕಲ್ ದಾರಿ. 1929 ಮತ್ತು 1935ರ ಪ್ರವಾಹಗಳಿಂದ ಪಾಠ ಕಲಿತು, ಹ್ಯೂಸ್ಟನ್ ಪೇಟೆಯನ್ನು ಉಳಿಸಲಿಕ್ಕೆ 1940ರ ದಶಕದಲ್ಲಿ ಬಾರ್ಕರ್ ಮತ್ತು ಪಕ್ಕದ ಆಡಿಕ್ಸ್ ಎರಡನ್ನೂ ಕಟ್ಟಿದರು. ಜೋರು ಮಳೆ ಬಂದರೆ ನೀರು ಏರಿಯ ಹಿಂದೆ ನಿಲ್ಲಬೇಕು, ಆಮೇಲೆ ನಿಧಾನವಾಗಿ ಪೇಟೆಯ ಕಡೆ ಹರಿಯುವ ಬಫಲೋ ಬಯೂ ಎಂಬ ಹೊಳೆಗೆ ಬಿಡಬೇಕು. ಲೆಕ್ಕ ಸರಿಯೇ. ಆದರೆ ಬಾರ್ಕರ್‌ನಲ್ಲಿ ಸರ್ಕಾರ ಕೊಂಡಿಟ್ಟ ಜಮೀನು ಸಮುದ್ರಮಟ್ಟದಿಂದ 95 ಅಡಿ ಎತ್ತರದವರೆಗೆ ಮಾತ್ರ. ಅದರಾಚೆ ಇದ್ದದ್ದು ಮೊದಲು ಹೊಲ, ಆಮೇಲೆ ಒಳ್ಳೆ ಶಾಲೆಗಳಿರುವ, ಎಲ್ಲರೂ ಆಸೆಪಡುವ ಬಡಾವಣೆಗಳು. ಹಾರ್ವೆಯಲ್ಲಿ ನೀರು 101 ಅಡಿ ದಾಟಿತು. ಆಗಸ್ಟ್ 29ಕ್ಕೆ ಮಳೆ ಬಿಟ್ಟಿತು. ಮರುದಿನ ಚಳಕ್ ಅಂತ ಬಿಸಿಲು. ಆ ಬಿಸಿಲಿನಲ್ಲೇ ನನ್ನ ಗೆಳತಿಯ ಮನೆಯೊಳಗೆ ನೀರು ಏರುತ್ತಿತ್ತು.

ನಮ್ಮ ಬೀದಿ ಸ್ವಲ್ಪ ಎತ್ತರ. ನೀರು ಚರಂಡಿಯ ತನಕ ಬಂದು ನಿಂತಿತು. ನಮ್ಮ ಜಾಣತನ ಅದರಲ್ಲಿ ಏನೂ ಇಲ್ಲ, ಮನೆ ಕೊಂಡಾಗ ಎತ್ತರ ತಗ್ಗು ಯಾರು ನೋಡುತ್ತಾರೆ? ಗೆಳತಿ, ಅವಳ ಗಂಡ, ಇಬ್ಬರು ಮಕ್ಕಳು, ಊರಿನಿಂದ ಬಂದಿದ್ದ ಅವಳ ಅಮ್ಮ, ಐದೂ ಜನ ಯಾರೋ ಅಪರಿಚಿತರ ಮೀನು ಹಿಡಿಯುವ ದೋಣಿಯಲ್ಲಿ ಹೊರಗೆ ಬಂದು ನಮ್ಮ ಮನೆ ಸೇರಿದರು. ಅಮ್ಮನ ಕೈಯಲ್ಲಿ ಪಾಸ್‌ಪೋರ್ಟ್ ಮತ್ತು ಬಿಪಿ ಮಾತ್ರೆ ಇದ್ದ ಒಂದು ಪ್ಲಾಸ್ಟಿಕ್ ಕವರ್. ಅಷ್ಟೇ.

ಬಾರ್ಕರ್ ನೀರು ಇಳಿಯುವುದಕ್ಕೆ ಅವಸರ ಮಾಡಲಿಲ್ಲ. ಅವರ ಮನೆಯಲ್ಲಿ ಒಂದು ವಾರಕ್ಕೂ ಜಾಸ್ತಿ ನಿಂತಿತ್ತು. ನಾವು ಒಳಗೆ ಹೋಗುವ ಹೊತ್ತಿಗೆ ಗೋಡೆಯ ಮೇಲೆ ಕಪ್ಪು, ಹಸಿರು ಬೂಷ್ಟು ಎದೆಮಟ್ಟಕ್ಕೆ ಹತ್ತಿತ್ತು. ಇಲ್ಲಿನ ಮನೆಗಳ ಒಳಗೋಡೆ ಶೀಟ್‌ರಾಕ್. ಎರಡು ಕಾಗದದ ನಡುವೆ ಜಿಪ್ಸಮ್. ನೀರು ಎರಡು ಅಡಿ ನಿಂತರೆ ಗೋಡೆ ಅದನ್ನು ಇನ್ನೂ ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೆರಡು ದಿನದಲ್ಲೇ ಬೂಷ್ಟು ಶುರು. ಹಾಗಾಗಿ ತೊಳೆದು ಒರೆಸಿದರೆ ಆಗುವುದಿಲ್ಲ, ಕಿತ್ತು ಬಿಸಾಡಬೇಕು. ನಾಲ್ಕು ಅಡಿ ಎತ್ತರಕ್ಕೆ ಒಂದು ಗೆರೆ ಎಳೆದು ಕತ್ತರಿಸುತ್ತಾರೆ. ಶೀಟಿನ ಅಗಲ ನಾಲ್ಕು ಅಡಿ, ಆಮೇಲೆ ಹೊಸ ಶೀಟು ಕೂರಿಸಲು ಸುಲಭ ಅಂತ. ಒಳಗಿನ ಗುಲಾಬಿ ಬಣ್ಣದ ಇನ್ಸುಲೇಶನ್ ನೀರು ಕುಡಿದು ಹೆಣಭಾರ. ಅದನ್ನು ಎಳೆದು ದಪ್ಪ ಕಪ್ಪು ಚೀಲಕ್ಕೆ ತುಂಬಬೇಕು. ಕಾರ್ಪೆಟ್, ಅದರ ಕೆಳಗಿನ ಸ್ಪಂಜು, ಮರದ ನೆಲ, ಅಡುಗೆಮನೆ ಕಪಾಟು, ಬಾಗಿಲು, ಎಲ್ಲ ಬೀದಿಗೆ. ಫ್ರಿಜ್ ಮಾತ್ರ ಬಾಗಿಲು ತೆಗೆಯದೆ ಡಕ್ಟ್ ಟೇಪ್ ಸುತ್ತಿ ಹಾಗೇ ಸಾಗಿಸಬೇಕು. ತೆಗೆದು ನೋಡಿದ ಒಬ್ಬರು ಅರ್ಧ ದಿನ ಊಟ ಮಾಡಲಿಲ್ಲ.

ಈ ಕೆಲಸಕ್ಕೆ ಜನ ಬಂದರು ನೋಡಿ, ಅದನ್ನು ಹೇಳಲೇಬೇಕು. ಹಳದಿ ಟೀಶರ್ಟಿನ ಚರ್ಚಿನವರು, ಸೇವಾ ಇಂಟರ್‌ನ್ಯಾಷನಲ್ ಎಂಬ ಭಾರತೀಯ ಮೂಲದವರ ಸಂಸ್ಥೆಯವರು, ಕಾಲೇಜು ಹುಡುಗರು, ಪಕ್ಕದ ಲೂಸಿಯಾನಾದಿಂದ ಗಾಡಿ ಕಟ್ಟಿಕೊಂಡು ಬಂದವರು. ಹೆಸರು ಹೇಳದೆ ಬಂದು, ಸಂಜೆಯವರೆಗೆ ಗೋಡೆ ಕಿತ್ತು, ಹೆಸರು ಹೇಳದೆ ಹೋದರು.

ಆದರೆ ‘ಏನಾದರೂ ಬೇಕಾದರೆ ಹೇಳಿ’ ಅನ್ನುವ ಮಾತಿನ ಮೇಲೆ ನನಗೆ ಸಿಟ್ಟು ಬಂದದ್ದೂ ಆ ದಿನಗಳಲ್ಲೇ. ಎಲ್ಲರೂ ಅದನ್ನೇ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಒಳ್ಳೆ ಮನಸ್ಸಿನಿಂದಲೇ. ಕೇಳಿಸಿಕೊಳ್ಳುವವರಿಗೆ ಅದು ಇನ್ನೊಂದು ಕೆಲಸ. ಏನು ಬೇಕು ಅಂತ ಯೋಚಿಸಬೇಕು, ಯಾರ ಹತ್ತಿರ ಕೇಳಿದರೆ ಸರಿ ಅಂತ ಲೆಕ್ಕ ಹಾಕಬೇಕು, ಆಮೇಲೆ ನಾಚಿಕೆ ಬಿಟ್ಟು ಕೇಳಬೇಕು. ಮನೆ ನೆಂದವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಗೆಳತಿಯ ಎದುರು ಮನೆಯಲ್ಲಿ ವಯಸ್ಸಾದ ಅಮೆರಿಕನ್ ದಂಪತಿ ಇದ್ದರು. ಅವರ ಸೋಫಾ, ಹಾಸಿಗೆ, ಪುಸ್ತಕ ಎಲ್ಲ ಅಂಗಳದಲ್ಲಿ ರಾಶಿ. ಯಾರು ಹೋಗಿ ಕೇಳಿದರೂ ಆಕೆಯದು ಒಂದೇ ಉತ್ತರ: ‘ನಮಗೇನೂ ಬೇಡ, ಬೇರೆಯವರ ಸ್ಥಿತಿ ಇನ್ನೂ ಕೆಟ್ಟದಾಗಿದೆ, ಅವರಿಗೆ ಮಾಡಿ.’ ಗ್ಯಾರೇಜಿನಲ್ಲಿ ಒದ್ದೆ ಬಟ್ಟೆಯ ಎರಡು ಚೀಲ ನಾರುತ್ತಿದ್ದವು. ಗೆಳತಿ ಅದನ್ನು ತೋರಿಸಿ, ‘ಇವೆರಡನ್ನು ಒಯ್ದು ನಾಳೆ ಸಂಜೆ ಐದಕ್ಕೆ ಒಗೆದು ತರುತ್ತೇವೆ, ಆಗಬಹುದಾ?’ ಅಂದಳು. ಆಕೆ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಮೂರನೇ ಚೀಲವನ್ನೂ ತಂದರು.

ನಮ್ಮ ಮನೆ ಬಟ್ಟೆ ಒಗೆಯುವ ಅಂಗಡಿ ಆದದ್ದು ಹೀಗೆ. ನಮಗೆ ಕರೆಂಟ್ ಇತ್ತು, ಬಿಸಿನೀರಿತ್ತು, ವಾಷಿಂಗ್ ಮಷಿನ್ ಇತ್ತು. ಆ ಬೀದಿಯವರಿಗೆ ಮೂರೂ ಇರಲಿಲ್ಲ. ಪ್ರವಾಹದ ನೀರೆಂದರೆ ಚರಂಡಿ ನೀರೂ ಸೇರಿದ್ದು. ಮೊದಲು ಹೊರಗೆ ಪೈಪ್ ಹಿಡಿದು ಕೆಸರು ತೊಳೆದು, ಆಮೇಲೆ ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಒಗೆಯಬೇಕು, ಕೆಲವಕ್ಕೆ ಎರಡು ಸಲ. ಚೀಲಕ್ಕೆ ಟೇಪ್ ಅಂಟಿಸಿ ಮನೆ ನಂಬರ್ ಬರೆಯುವುದು. ಗೆಳತಿಯ ಅಮ್ಮ ಮೊದಲೆರಡು ದಿನ ಕಿಟಕಿ ಪಕ್ಕ ಸುಮ್ನೆ ಕೂತಿದ್ದರು. ನಾವೂ ‘ಅಮ್ಮ, ನೀವು ರೆಸ್ಟ್ ತಗೊಳ್ಳಿ’ ಅಂತಿದ್ದೆವು. ಮೂರನೇ ದಿನ ಅವರೇ ಎದ್ದು ಬಂದು, ‘ನನ್ನನ್ನ ಹೀಗೆ ಕೂರಿಸಬೇಡ ಕಣಮ್ಮ, ತಲೆ ಕೆಟ್ಟುಹೋಗುತ್ತೆ. ಆ ಬಟ್ಟೆನಾದ್ರೂ ಕೊಡು, ಮಡಿಸ್ತೀನಿ’ ಅಂದರು. ಅಲ್ಲಿಂದ ಮುಂದೆ ಮಡಿಸುವ ಖಾತೆ ಪೂರ್ತಿ ಅವರದು. ಇಂಗ್ಲಿಷ್ ಓದಲು ಬಾರದಿದ್ದರೂ ಯಾವ ನಂಬರ್ ಮನೆಯ ಹುಡುಗನಿಗೆ ಎಷ್ಟು ಜೀನ್ಸ್ ಇದೆ, ಯಾರ ಮನೆಯಲ್ಲಿ ಹೊಸ ಮಗು ಇದೆ, ಎಲ್ಲ ಅವರಿಗೆ ಬಾಯಿಪಾಠ. ಎದುರು ಮನೆಯಾಕೆಯ ಮೇಜುಬಟ್ಟೆಗಳ ಕಸೂತಿ ನೋಡಿ, ಇಸ್ತ್ರಿ ಮಾಡದೆ ಕೊಡುವುದಿಲ್ಲ ಅಂತ ಹಟ ಹಿಡಿದರು.

ಅಮ್ಮನ ಮದುವೆಯ ಆಲ್ಬಂ ಕೂಡ ನೀರು ಕುಡಿದಿತ್ತು. ಮಗಳಿಗೆ ಕೊಡಲೆಂದು ಅಷ್ಟು ದೂರ ಹೊತ್ತು ತಂದಿದ್ದರಂತೆ, ಕೆಳಗಿನ ಶೆಲ್ಫಿನಲ್ಲಿತ್ತು. ಒದ್ದೆ ಫೋಟೋಗಳನ್ನು ಫ್ರೀಜರ್‌ನಲ್ಲಿಟ್ಟರೆ ಬೂಷ್ಟು ತಡೆಯಬಹುದು, ಸಮಯ ಸಿಕ್ಕಾಗ ಒಂದೊಂದೇ ತೆಗೆದು ಬಿಡಿಸಬಹುದು ಅಂತ ಒಬ್ಬ ಸ್ವಯಂಸೇವಕಿ ಹೇಳಿಕೊಟ್ಟಳು. ಹಾಗಾಗಿ ಐಸ್‌ಕ್ರೀಮ್ ಡಬ್ಬಿ ಹೊರಗೆ, ಮದುವೆ ದಿಬ್ಬಣ ಒಳಗೆ. ಎಲ್ಲವೂ ಉಳಿಯಲಿಲ್ಲ, ಅರ್ಧಕ್ಕಿಂತ ಜಾಸ್ತಿ ಉಳಿದವು.

ಇದೇ ಹೊತ್ತಿಗೆ ಪರಿಹಾರ ಕೇಂದ್ರಗಳಲ್ಲಿ ದಾನದ ಹಳೆ ಬಟ್ಟೆ ಗುಡ್ಡ ಬಿದ್ದಿತ್ತು. ಬೆವರು ಇಳಿಯುವ ಸೆಪ್ಟೆಂಬರ್‌ಗೆ ಉಣ್ಣೆ ಸ್ವೆಟರ್, ಒಂಟಿ ಬೂಟು, ಯಾರದೋ ಪಾರ್ಟಿ ಗೌನ್. ಅದನ್ನು ವಿಂಗಡಿಸಲಿಕ್ಕೇ ಜನ ಬೇಕು, ಆ ಜನ ಗೋಡೆ ಕೀಳಬಹುದಿತ್ತು. ಜನರಿಗೆ ಬೇಕಿದ್ದದ್ದು ದಪ್ಪ ಕಸದ ಚೀಲ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ, ಎನ್95 ಮಾಸ್ಕ್, ಕೈಗವಸು, ಮೊಳೆ ಕೀಳುವ ಸಬ್ಬಲ್, ಟೆಟನಸ್ ಇಂಜೆಕ್ಷನ್. ಎಲ್ಲಕ್ಕಿಂತ ಹೆಚ್ಚಾಗಿ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಮೆಷಿನ್. ಗೋಡೆಯ ಒಳಗಿನ ಮರ ಪೂರ್ತಿ ಒಣಗುವ ತನಕ ಹೊಸ ಶೀಟು ಹೊಡೆಯುವಂತಿಲ್ಲ. ಹ್ಯೂಸ್ಟನ್ ಗಾಳಿಯಲ್ಲಿ ಅದು ತನ್ನಷ್ಟಕ್ಕೆ ಒಣಗುವುದೂ ಇಲ್ಲ. ನಾವು ಕೆಲವರು ಸೇರಿ ಒಂದು ಮೆಷಿನ್ ಕೊಂಡು ಮನೆಯಿಂದ ಮನೆಗೆ ಸಾಗಿಸಿದೆವು. ಯಾರ ಸರದಿ ಯಾವಾಗ ಅಂತ ಸಣ್ಣಪುಟ್ಟ ಜಗಳವೂ ಆಯಿತು. ಒಳ್ಳೆಯ ಜನರೂ ಜಗಳ ಆಡುತ್ತಾರೆ, ನಿದ್ದೆಗೆಟ್ಟಾಗ.

ಕಾಗದದ ಕೆಲಸದ ಬಗ್ಗೆ ಹೇಳಿದರೆ ಮುಗಿಯುವುದಿಲ್ಲ. ಮಾಮೂಲಿ ಮನೆ ಇನ್ಶೂರೆನ್ಸ್ ಪ್ರವಾಹಕ್ಕೆ ಹಣ ಕೊಡುವುದಿಲ್ಲ. ಪ್ರವಾಹದ ವಿಮೆ ಬೇರೆ. ಸರ್ಕಾರಿ ಯೋಜನೆಯಲ್ಲಿ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000. ಮೋಡ ಕಂಡಾಗ ಓಡಿಹೋಗಿ ಕೊಳ್ಳಲೂ ಆಗುವುದಿಲ್ಲ, ಸಾಮಾನ್ಯವಾಗಿ 30 ದಿನ ಕಾಯಬೇಕು. ಗೆಳತಿಯ ಮನೆ ಅಧಿಕೃತ ಪ್ರವಾಹ ವಲಯದ ಹೊರಗಿತ್ತು, ಬ್ಯಾಂಕು ಕೇಳಿರಲಿಲ್ಲ, ಅವಳೂ ಮಾಡಿಸಿರಲಿಲ್ಲ. ಆ ಬೀದಿಯಲ್ಲಿ ಬಹಳ ಜನರ ಕಥೆ ಇದೇ. ವಿಮೆ ಇಲ್ಲದವರಿಗೆ ಕೇಂದ್ರ ಸರ್ಕಾರದ ನೇರ ನೆರವು ಆ ವರ್ಷ ಹೆಚ್ಚೆಂದರೆ 33,300 ಡಾಲರ್. ಎಲ್ಲರಿಗೂ ಅಷ್ಟು ಸಿಗುವುದಿಲ್ಲ. ಉಳಿದದ್ದು ಸಾಲ. ಅವಳಿಗೆ ಮೊದಲು ಬಂದ ಪತ್ರದಲ್ಲಿ ‘ಅರ್ಹರಲ್ಲ’ ಅಂತಿತ್ತು. ಅದನ್ನು ಓದಿ ಗಂಡ ಹೆಂಡತಿ ಇಬ್ಬರೂ ಮಾತು ಬಿಟ್ಟರು. ಇಂಥ ಪತ್ರ ಎಷ್ಟೋ ಸಲ ಒಂದು ದಾಖಲೆ ಕಡಿಮೆ ಇದೆ ಅನ್ನುವುದಕ್ಕೇ ಬರುತ್ತದೆ, 60 ದಿನದೊಳಗೆ ಮೇಲ್ಮನವಿ ಹಾಕಬಹುದು. ನಮ್ಮ ಊಟದ ಮೇಜಿನ ಮೇಲೆ ರಾತ್ರಿ ಕೂತು ಬರೆದೆವು. ಎದುರು ಮನೆಯವರದ್ದನ್ನೂ ಬರೆದುಕೊಟ್ಟೆವು. ಆ ತಾತನಿಗೆ ಕಂಪ್ಯೂಟರ್ ಅಂದರೆ ಆಗದು.

ಸೆಪ್ಟೆಂಬರ್ 10ಕ್ಕೆ ಇರ್ಮಾ ಎಂಬ ಇನ್ನೊಂದು ಚಂಡಮಾರುತ ಫ್ಲಾರಿಡಾಕ್ಕೆ ಹೊಡೆಯಿತು. 20ಕ್ಕೆ ಮರಿಯಾ ಪೋರ್ಟೊರಿಕೊ ದ್ವೀಪವನ್ನು ನೆಲಸಮ ಮಾಡಿತು. ಟಿವಿ ಕ್ಯಾಮೆರಾಗಳು ಆ ಕಡೆ ಹೋದವು, ಸ್ವಯಂಸೇವಕರೂ ಹೋದರು. ಹೋಗಬೇಕಾದದ್ದೇ. ಆದರೆ ಗೆಳತಿಯ ಬೀದಿಯ ರಾಶಿಗಳು ಅಲ್ಲೇ ಇದ್ದವು. ಮರದ ಕಸ ಒಂದು ಕಡೆ, ಶೀಟ್‌ರಾಕ್ ಒಂದು ಕಡೆ, ಫ್ರಿಜ್ಜು ಒಲೆ ಇನ್ನೊಂದು ಕಡೆ ಅಂತ ವಿಂಗಡಿಸಿಟ್ಟು ಲಾರಿ ಕಾದೆವು. ಮಕ್ಕಳು ಆ ರಾಶಿಗಳ ನಡುವೆಯೇ ಶಾಲೆ ಬಸ್ಸಿಗೆ ನಿಲ್ಲುತ್ತಿದ್ದರು. ನನ್ನ ಪ್ರಕಾರ ನಿಜವಾದ ಕಷ್ಟದ ಕಾಲ ಅಕ್ಟೋಬರ್‌ನಿಂದ ಶುರುವಾಯಿತು. ಕೇಳುವವರು ಕಡಿಮೆ, ಕಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ, ಶೀಟ್‌ರಾಕ್ ಸ್ಟಾಕ್ ಇಲ್ಲ, ಗಂಡ ಹೆಂಡತಿ ನಡುವೆ ಟೈಲ್ಸ್ ಬಣ್ಣಕ್ಕೂ ಜಗಳ. ಮಳೆ ಹನಿ ಬಿದ್ದರೆ ಸಾಕು, ಗೆಳತಿಯ ಚಿಕ್ಕ ಮಗ ತನ್ನ ಬೂಟನ್ನು ಎತ್ತಿ ಮಂಚದ ಮೇಲಿಡುತ್ತಿದ್ದ.

ನಡುವೆ ಖುಷಿಯೂ ಬಂತು. ನವೆಂಬರ್ 1ರ ರಾತ್ರಿ ನಮ್ಮೂರಿನ ಬೇಸ್‌ಬಾಲ್ ತಂಡ ಹ್ಯೂಸ್ಟನ್ ಆಸ್ಟ್ರೋಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ನನಗೆ ಬೇಸ್‌ಬಾಲ್ ಅರ್ಥವಾಗುವುದಿಲ್ಲ, ಗೆಳತಿಯ ಮನೆಯ ಗೋಡೆಯಿಲ್ಲದ ಹಾಲ್‌ನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ನೋಡಿದೆವು. ಎದುರು ಮನೆಯ ತಾತ ಆಟದ ನಿಯಮವನ್ನು ಅಮ್ಮನಿಗೆ ಇಂಗ್ಲಿಷ್‌ನಲ್ಲಿ ವಿವರಿಸಿದರು, ಅಮ್ಮ ಕನ್ನಡದಲ್ಲಿ ‘ಹೌದಾ, ಹೌದಾ’ ಅಂದರು. ಡಿಸೆಂಬರ್ 8ರ ಬೆಳಿಗ್ಗೆ ಹ್ಯೂಸ್ಟನ್‌ಗೆ ಅಪರೂಪಕ್ಕೆ ಹಿಮ ಬಿತ್ತು. ನಮ್ಮ ಮಕ್ಕಳು ಕುಣಿದಾಡಿದರು.

ಗೆಳತಿ ಮನೆ ರಿಪೇರಿ ಮುಗಿಸಿದಳು, ಸ್ವಲ್ಪ ದಿನ ಇದ್ದಳು, ಆಮೇಲೆ ಮಾರಲು ತೀರ್ಮಾನಿಸಿದಳು. ಆಗಲೇ ಅವಳಿಗೆ ಇನ್ನೊಂದು ವಿಷಯ ಗೊತ್ತಾಗಿತ್ತು. ಕೆಲವು ಬಡಾವಣೆಗಳ ಪ್ಲ್ಯಾಟ್‌ನಲ್ಲಿ, ಅಂದರೆ ಸೈಟುಗಳನ್ನು ಗುರುತಿಸಿ ಕೌಂಟಿ ಆಫೀಸಿನಲ್ಲಿಡುವ ನಕ್ಷೆಯಲ್ಲಿ, ಇದು ಬಾರ್ಕರ್ ಜಲಾಶಯದ ಪಕ್ಕದಲ್ಲಿದೆ, ನೀರು ನಿಲ್ಲಬಹುದು ಅಂತ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿದ್ದರು. ಮನೆ ಕೊಳ್ಳುವವರಿಗೆ ಆ ನಕ್ಷೆ ತೋರಿಸುವವರು ಯಾರೂ ಇರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಏರಿಯ ಹಿಂದಿನ ಮನೆಯವರ ಮೊಕದ್ದಮೆಯಲ್ಲಿ ಸರ್ಕಾರವೇ ಹೊಣೆ ಅಂತ ಕೋರ್ಟ್ ಹೇಳಿತು. ತೀರ್ಪಿನ ಸುದ್ದಿ ಓದಿ ಅವಳು ನನಗೆ ಫೋನ್ ಮಾಡಿದಳು, ‘ನಾವು ಹುಚ್ಚರಲ್ಲ ಅಂತಾಯಿತಲ್ಲ’ ಅಂದಳು.

ಹೊಸ ಮನೆ ಹುಡುಕುವಾಗ ನಾನೂ ಜೊತೆಗೆ ಹೋಗಿದ್ದೆ. ಏಜೆಂಟ್ ಅಡುಗೆಮನೆಯ ಗ್ರಾನೈಟ್ ತೋರಿಸಲು ಶುರುಮಾಡಿದ. ಇವಳು ಬಾಗಿಲಲ್ಲೇ ನಿಂತು, ‘ಮೊದಲು ಪ್ಲ್ಯಾಟ್ ಕೊಡಿ, ನೆಲದ ಮಟ್ಟ ಎಷ್ಟು ಅಡಿ ಹೇಳಿ’ ಅಂದಳು. ಅವನಿಗೆ ಗೊತ್ತಿರಲಿಲ್ಲ. ನಾವೇ ಕೌಂಟಿ ಆಫೀಸಿಗೆ ಹೋಗಿ ತೆಗೆಸಿಕೊಂಡು ಬಂದೆವು.